ಗುಣವಾದವರ ಲೆಕ್ಕ

ರೋಗಿಯು ಗುಣ ಹೊಂದಿ ಮನೆಗೆ ಮರಳಿದನೆಂದರೆ ವೈದ್ಯನ ಕಾರ್ಯ ಮುಗಿಯಿತೆಂಬುದು ಲೋಕದ ಭಾವನೆ. ಆಸ್ಪತ್ರೆಯ ಕಾಗದಗಳನ್ನು ಕೆಲವು ವರ್ಷ ಪೆಟ್ಟಿಗೆಯಲ್ಲಿಟ್ಟು, ಮುಂದೊಂದು ಹಬ್ಬಕ್ಕೆ ಮನೆ ಶುಚಿಗೊಳಿಸುವಾಗ ರದ್ದಿಗೆ ಹಾಕುವುದು ಬಹುಪಾಲು ಸಂಸಾರಗಳ ರೂಢಿ. ಆದರೆ ವೈದ್ಯಶಾಸ್ತ್ರದ ಕೆಲವು ಸತ್ಯಗಳು ಗೋಚರವಾದದ್ದೇ ಗುಣವಾದವರನ್ನು ಹತ್ತು ಇಪ್ಪತ್ತು ವರ್ಷಗಳ ಕಾಲ ಬಿಡದೆ ಗಮನಿಸಿದ್ದರಿಂದ. ವಿಕಿರಣ ಚಿಕಿತ್ಸೆಯ ಫಲವಾಗಿಯೇ ಹುಟ್ಟುವ ಸಾರ್ಕೋಮಾ ಎಂಬ ವ್ಯಾಧಿಯ ಸಂಶೋಧನೆಯು ಇದಕ್ಕೊಂದು ನಿದರ್ಶನ.

ಸಾರ್ಕೋಮಾ ಎಂದರೆ ಮೂಳೆ, ಮಾಂಸಖಂಡ, ಕೊಬ್ಬು, ರಕ್ತನಾಳ ಮೊದಲಾದವುಗಳಲ್ಲಿ ಮೊಳೆಯುವ ಕ್ಯಾನ್ಸರು. ಸ್ತನ, ಶ್ವಾಸಕೋಶಗಳ ಕ್ಯಾನ್ಸರಿಗೆ ಹೋಲಿಸಿದರೆ ಇದು ತೀರ ವಿರಳ. 1895ರಲ್ಲಿ ಜರ್ಮನಿಯ ರಾಂಟ್ಜೆನ್ ಕ್ಷ-ಕಿರಣವನ್ನು ಕಂಡುಹಿಡಿದ ಕೆಲವೇ ವರ್ಷಗಳಲ್ಲಿ ವೈದ್ಯರು ಅದನ್ನು ಚಿಕಿತ್ಸೆಗೂ ಬಳಸತೊಡಗಿದರು. ಕ್ಯಾನ್ಸರಿಗಷ್ಟೇ ಅಲ್ಲದೆ ಕೀಲುಗಳ ಕ್ಷಯದಂಥ ರೋಗಗಳಿಗೂ ಅದರ ಪ್ರಯೋಗವಾಯಿತು. ಹಾಗೆ ಕ್ಷಯಕ್ಕೆಂದು ಕಿರಣ ಪಡೆದ ಕೀಲುಗಳ ಬಳಿಯಲ್ಲೇ ಸಾರ್ಕೋಮಾ ಹುಟ್ಟಿದುದನ್ನು 1922ರಲ್ಲಿ ಬೆಕ್ ಎಂಬ ಜರ್ಮನ್ ವೈದ್ಯನು ವರದಿ ಮಾಡಿದನು.

ಚಿಕಿತ್ಸಾಲಯದ ಹೊರಗಿನಿಂದಲೂ ಒಂದು ಸಾಕ್ಷ್ಯ ಬಂದಿತು. ಅಮೆರಿಕದ ನ್ಯೂಜೆರ್ಸಿಯಲ್ಲಿ ಗಡಿಯಾರದ ಮುಖಕ್ಕೆ ರೇಡಿಯಂ ಬಣ್ಣ ಬಳಿಯುತ್ತಿದ್ದ ತರುಣಿಯರು ಕುಂಚದ ತುದಿಯನ್ನು ತುಟಿಯಿಂದ ಚೂಪುಗೊಳಿಸುತ್ತಿದ್ದರು. ಹೀಗೆ ಒಳಹೊಕ್ಕ ರೇಡಿಯಂ ಅವರ ಮೂಳೆಗಳಲ್ಲಿ ನೆಲೆಸಿತು. ಅವರಲ್ಲಿ ಕೆಲವರಿಗೆ ಮೂಳೆಯ ಸಾರ್ಕೋಮಾ ಬಂದುದನ್ನು ಹ್ಯಾರಿಸನ್ ಮಾರ್ಟ್ಲಂಡ್ 1929ರಲ್ಲಿ ಪ್ರಕಟಪಡಿಸಿದನು. ಮೊದಲು ಯಾವ ಗೆಡ್ಡೆಯೂ ಇಲ್ಲದ ಆರೋಗ್ಯವಂತ ಹೆಣ್ಣುಮಕ್ಕಳವರು. ಆದುದರಿಂದ ವಿಕಿರಣದ ಮೇಲಿನ ಸಂಶಯ ಬಲವಾಯಿತು.

ಇಷ್ಟಾದರೂ ಒಬ್ಬ ರೋಗಿಯ ವಿಷಯದಲ್ಲಿ ಇದು ಚಿಕಿತ್ಸೆಯ ಫಲವೇ ಎಂದು ನಿರ್ಣಯಿಸುವುದು ಸುಲಭವಲ್ಲ. ಹಳೆಯ ಗೆಡ್ಡೆಯೇ ಮರಳಿ ಬಂದಿರಬಹುದು. ಮೊದಲ ರೋಗನಿರ್ಣಯವೇ ತಪ್ಪಾಗಿ, ಅಂದೂ ಇದ್ದುದು ಸಾರ್ಕೋಮಾವೇ ಆಗಿರಬಹುದು. 1948ರಲ್ಲಿ ನ್ಯೂಯಾರ್ಕಿನ ಮೆಮೋರಿಯಲ್ ಆಸ್ಪತ್ರೆಯ ವಿಲಿಯಂ ಕಾಹನ್, ಹೆಲೆನ್ ವುಡಾರ್ಡ್ ಮತ್ತು ಇತರ ಮೂವರು ಹನ್ನೊಂದು ರೋಗಿಗಳ ವೃತ್ತಾಂತವನ್ನು ಪರಿಶೀಲಿಸಿ ನಾಲ್ಕು ನಿಬಂಧನೆಗಳನ್ನು ಮುಂದಿಟ್ಟರು. ಮೊದಲು ಇದ್ದ ಮೂಳೆಯ ರೋಗವು ಕ್ಯಾನ್ಸರಲ್ಲವೆಂದು ಸ್ಥಿರಪಟ್ಟಿರಬೇಕು. ಹೊಸ ಗೆಡ್ಡೆಯು ಕಿರಣ ಬಿದ್ದ ಪ್ರದೇಶದೊಳಗೇ ಹುಟ್ಟಿರಬೇಕು. ನಡುವೆ ಯಾವ ತೊಂದರೆಯೂ ಇಲ್ಲದ ದೀರ್ಘಕಾಲ ಕಳೆದಿರಬೇಕು. ಗೆಡ್ಡೆಯು ಸಾರ್ಕೋಮಾ ಎಂಬುದು ಸೂಕ್ಷ್ಮದರ್ಶಕದಿಂದ ಸಿದ್ಧವಾಗಿರಬೇಕು. ಮುಂದಿನವರು ಮೊದಲನೆಯದನ್ನು ಸಡಿಲಿಸಿ, ಆಗ ಇದ್ದುದು ಬೇರೆ ಜಾತಿಯ ಕ್ಯಾನ್ಸರಾಗಿದ್ದರೂ ಸಾಕೆಂದರು. ಇಂದಿಗೂ ವೈದ್ಯರು ಈ ಒರೆಗಲ್ಲನ್ನೇ ಬಳಸುತ್ತಾರೆ. ಹಳೆಯ ದಾಖಲೆಗಳಿಲ್ಲದೆ ಇದರ ಮೂರು ನಿಬಂಧನೆಗಳನ್ನು ಪರೀಕ್ಷಿಸುವುದೇ ಕಷ್ಟ.

ಗುಣಪಡಿಸುವ ಕಿರಣವೇ ಹೀಗೇಕೆ ಮಾಡುತ್ತದೆ? ಅದು ಕ್ಯಾನ್ಸರಿನ ಜೀವಕೋಶವನ್ನು ಕೊಲ್ಲುವುದು ಅದರೊಳಗಿನ ವಂಶವಾಹಿ ತಂತುಗಳನ್ನು ತುಂಡರಿಸಿ. ನೆರೆಯ ಆರೋಗ್ಯವಂತ ಕೋಶಗಳಿಗೂ ಪೆಟ್ಟು ತಗಲುತ್ತದೆ. ಅವು ಬಹುಮಟ್ಟಿಗೆ ತಮ್ಮ ಗಾಯವನ್ನು ತಾವೇ ಸರಿಪಡಿಸಿಕೊಳ್ಳುತ್ತವೆ, ಇಲ್ಲವೇ ಸಾಯುತ್ತವೆ. ಎಲ್ಲೋ ಒಂದು ಕೋಶ ತಪ್ಪಾಗಿ ಬೆಸೆದ ತಂತುವಿನೊಡನೆ ಬದುಕಿ ಉಳಿದರೆ, ಅದರ ಸಂತತಿಯಲ್ಲಿ ಎಷ್ಟೋ ವರ್ಷಗಳ ಮೇಲೆ ಸಾರ್ಕೋಮಾ ತಲೆಯೆತ್ತಬಹುದು.

ಹೀಗೆ ಎಷ್ಟು ಮಂದಿಗೆ ಆಗುತ್ತದೆ? ಬಾಲ್ಯದ ಕ್ಯಾನ್ಸರಿನಿಂದ ಪಾರಾಗಿ ಎರಡು ವರ್ಷವಾದರೂ ಬದುಕಿದ 9,170 ಮಂದಿಯ ಅಧ್ಯಯನವೊಂದು 1987ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಅವರಲ್ಲಿ 64 ಮಂದಿಗೆ ಮುಂದೆ ಮೂಳೆಯ ಕ್ಯಾನ್ಸರು ಬಂದಿತ್ತು. ವಿಕಿರಣ ಪಡೆಯದವರಿಗಿಂತ ಪಡೆದವರಿಗೆ ಅಪಾಯ 2.7 ಪಟ್ಟು, ಮೂಳೆಗೆ ಬಿದ್ದ ಪ್ರಮಾಣ 6,000 ರಾಡಿಗೆ ಮೀರಿದಾಗ 40 ಪಟ್ಟು. ನಲವತ್ತೆಂಬ ಸಂಖ್ಯೆ ಎದೆ ನಡುಗಿಸುವಂಥದು. ಆದರೆ ತೀರ ವಿರಳವಾದುದರ ನಲವತ್ತು ಪಟ್ಟು ಅದು. ಅಧ್ಯಯನದ ಅವಧಿಯಲ್ಲಿ ಉಳಿದ 9,106 ಮಂದಿಗೆ ಮೂಳೆಯ ಕ್ಯಾನ್ಸರು ಬರಲಿಲ್ಲ. ಚಿಕಿತ್ಸೆಯೇ ಇಲ್ಲದಿದ್ದರೆ ಅವರಲ್ಲಿ ಅನೇಕರು ಬೆಳೆದು ದೊಡ್ಡವರಾಗುತ್ತಲೇ ಇರಲಿಲ್ಲ.

ಈ ಲೆಕ್ಕ ಎಲ್ಲರಿಗೂ ಒಂದೇ ತೆರನಲ್ಲ. ಶಿಶುಗಳ ಕಣ್ಣಿನಲ್ಲಿ ಬರುವ ರೆಟಿನೋಬ್ಲಾಸ್ಟೋಮಾ ಎಂಬ ಕ್ಯಾನ್ಸರಿನ ಒಂದು ಬಗೆ ಹುಟ್ಟಿನೊಡನೆಯೇ ಬರುವ ವಂಶವಾಹಿಯ ದೋಷದಿಂದ ಉಂಟಾಗುತ್ತದೆ. ಹಿಂದೆ ಕಿರಣದಿಂದ ಕಣ್ಣುಳಿಸಿಕೊಂಡ ಅಂಥ ಮಕ್ಕಳಲ್ಲಿ ಹಲವರಿಗೆ ಮುಂದೆ ಮುಖದ ಮೂಳೆಗಳಲ್ಲಿ ಸಾರ್ಕೋಮಾ ಬಂದಿತು. ಕೆಲವರಿಗೆ ಕಿರಣ ಸೋಕದ ಕಾಲಿನ ಮೂಳೆಯಲ್ಲೂ ಬಂದಿತು. ದೇಹದ ಪ್ರತಿಯೊಂದು ಕೋಶದಲ್ಲೂ ಆ ದೋಷ ಮೊದಲೇ ಅಡಗಿತ್ತು. ಇಂಥ ರೋಗಕ್ಕೆ ಎರಡು ಪೆಟ್ಟು ಬೇಕೆಂದು, ಈ ಮಕ್ಕಳು ಮೊದಲ ಪೆಟ್ಟನ್ನು ಹೊತ್ತೇ ಹುಟ್ಟುವರೆಂದು ಆಲ್ಫ್ರೆಡ್ ನಡ್ಸನ್ 1971ರಲ್ಲಿ ಊಹಿಸಿದನು. 1986ರಲ್ಲಿ ಆ ವಂಶವಾಹಿ ಕೈಗೆ ಸಿಕ್ಕಿ, ಊಹೆ ನಿಜವಾಯಿತು. ಈಗ ಈ ಶಿಶುಗಳಿಗೆ ಹೊರಗಿನಿಂದ ಕಿರಣ ಹಾಯಿಸುವುದನ್ನು ಸಾಧ್ಯವಾದಷ್ಟೂ ತಪ್ಪಿಸಿ, ಔಷಧ, ಲೇಸರ್, ಶೀತಚಿಕಿತ್ಸೆಗಳಿಗೆ ಮೊರೆಹೋಗುತ್ತಾರೆ. ಹಿಂದಿನ ಮಕ್ಕಳ ಕಷ್ಟವು ಮುಂದಿನ ಮಕ್ಕಳಿಗೆ ರಕ್ಷೆಯಾಯಿತು.

ಈ ಸಂಶೋಧನೆಯಿಂದ ಗೃಹಸ್ಥರು ತಿಳಿಯಬೇಕಾದುದು ಮೂರು ಮಾತು. ವೈದ್ಯರು ಕ್ಯಾನ್ಸರಿಗೆ ವಿಕಿರಣ ಬೇಕೆಂದಾಗ ಈ ವಿರಳ ವ್ಯಾಧಿಗೆ ಹೆದರಿ ಹಿಂಜರಿಯಬಾರದು. ಎದುರಿಗಿರುವ ಅಪಾಯವೇ ಬಹುಪಾಲು ದೊಡ್ಡದು. ಎಂದೋ ಕಿರಣ ಪಡೆದ ಭಾಗದಲ್ಲಿ ಗಂಟು, ಕಡಿಮೆಯಾಗದ ನೋವು, ಚರ್ಮದ ಮೇಲೆ ಕಂದಿದಂಥ ಕೆಂಪು ಅಥವಾ ನೇರಳೆ ಕಲೆ ಕಂಡರೆ, ಹದಿನೈದು ವರ್ಷ ಕಳೆದಿದ್ದರೂ ಅದನ್ನು ವೈದ್ಯರಿಗೆ ತೋರಿಸಿ, ಹಳೆಯ ಚಿಕಿತ್ಸೆಯ ಸಂಗತಿಯನ್ನು ತಾವಾಗಿಯೇ ತಿಳಿಸಬೇಕು. ಯಾವ ವರ್ಷ, ಯಾವ ಭಾಗಕ್ಕೆ, ಎಷ್ಟು ಕಿರಣ ಕೊಟ್ಟರೆಂದು ಬರೆದ ಕಾಗದವನ್ನು ಮನೆಯ ಪತ್ರ, ಮಕ್ಕಳ ಜಾತಕಗಳ ಜೊತೆಯಲ್ಲಿ ಜೋಪಾನವಾಗಿಡಬೇಕು. ಬಾಲ್ಯದಲ್ಲಿ ಚಿಕಿತ್ಸೆ ಪಡೆದವರಿಗೆ ಅದರ ನೆನಪೇ ಇರುವುದಿಲ್ಲ. ಅವರ ಪರವಾಗಿ ನೆನಪಿಡಬೇಕಾದುದು ಆ ಕಾಗದವೇ.