ಬೋರಿನ ನೀರು ನೋಡಿ ಮೋಟ್ರು

ಹೋದ ಭಾನುವಾರ ಬೆಳಿಗ್ಗೆ ಕುಂದಾಣದ ನಮ್ಮ ಮನೆ ಜಗಲಿ ಮೇಲೆ ಕೂತು ಕಾಫಿ ಕುಡೀತಿದ್ದೆ. ಚಿಕ್ಕಪ್ಪನ ಮಗ ಬೈಕ್ ನಿಲ್ಲಿಸಿ ಬಂದವನೇ ಫೋನನ್ನು ನನ್ನ ಮುಖಕ್ಕೆ ಹಿಡಿದ. ಪರದೆ ತುಂಬ ಒಂದು ಟರ್ಬೊ. ಗ್ಯಾರೆಟ್‌ನ ಜಿಟಿ28 ಸಾಲಿನದು, ಸೆಕೆಂಡ್‌ಹ್ಯಾಂಡ್.

"ಅಣ್ಣ, ಇದನ್ನೇ ಹಾಕ್ಸಣ. ಮುನ್ನೂರು ಹಾರ್ಸ್‌ಪವರ್‌ವರೆಗೂ ತಡ್ಕತೈತಂತೆ. ಚಿಕ್ಕದು ಹಾಕ್ಸಿ ಏನ್ ಬಂತು?"

ಒಳಗಡೆಯಿಂದ ಬರ್ತಿದ್ದ ಅಪ್ಪ ಅಲ್ಲೇ ನಿಂತರು. ಟರ್ಬೊ ಅಂದ್ರೇನು ಅಂತ ಕೇಳಿದ್ರು, ಗಾಳಿ ತುಂಬೋ ಪಂಪು ಅಂದೆ. "ಬೋರಲ್ಲಿ ಎಷ್ಟು ನೀರೈತೆ ಅಂತ ನೋಡ್ದೆ ಯಾವನಾದ್ರೂ ಮೋಟ್ರು ತರ್ತಾನೇನ್ಲಾ?" ಅಂದು ದ್ರಾಕ್ಷಿ ತೋಟದ ಕಡೆ ಹೊರಟುಹೋದ್ರು.

ನಾನು ಎರಡು ತಿಂಗಳಿಂದ ಓದಿ ಲೆಕ್ಕ ಹಾಕಿ ತಲೆ ಕೆಡಿಸಿಕೊಂಡಿದ್ದ ವಿಷಯ ಇಷ್ಟೇ ಆಗಿತ್ತು.

ಕಾರು ಅಪ್ಪನದ್ದೇ. 2002ರ ಹೋಂಡಾ ಸಿಟಿ, 1.5 ಲೀಟರ್ ವಿಟೆಕ್. ಈಗ ಓಡಿಸೋದು ನಾನು. ಏರೋಸ್ಪೇಸ್ ಪಾರ್ಕ್‌ನ ಕೆಲಸಕ್ಕೆ ಅದರಲ್ಲೇ ಹೋಗ್ತೀನಿ, ತಿಂಗಳಿಗೊಮ್ಮೆ ಅಮ್ಮನನ್ನು ದೊಡ್ಡಬಳ್ಳಾಪುರದ ಆಸ್ಪತ್ರೆಗೂ ಅದರಲ್ಲೇ ಕರ್ಕೊಂಡು ಹೋಗ್ತೀನಿ. ಬೆಂಗಳೂರಿನ ಕಾರು ಹುಚ್ಚರಿಗೆ ಈ ಎಂಜಿನ್ ಮೇಲೆ ಇವತ್ತಿಗೂ ಮೋಹ. 106 ಕುದುರೆಶಕ್ತಿ, ಅದೂ 6800 ಆರ್‌ಪಿಎಂನಲ್ಲಿ. ಕೆಳಗಡೆ ಸಾಧು, ಮುಳ್ಳು 5000 ದಾಟಿದ ಮೇಲೆ ಬೇರೆಯೇ ಗಾಡಿ. ಹೋಲಿಕೆಗೆ 2013ರಲ್ಲಿ ಬಂದ ಪೋಲೊ ಜಿಟಿ ಟಿಎಸ್‌ಐ ನೋಡಿ. 1.2 ಲೀಟರ್, ಕಾರ್ಖಾನೆಯಲ್ಲೇ ಕೂರಿಸಿದ ಪುಟ್ಟ ಟರ್ಬೊ, 105 ಪಿಎಸ್. ಹೆಚ್ಚೂಕಮ್ಮಿ ಅದೇ ಶಕ್ತಿ. ಆದರೆ ಅದರ 175 ಎನ್‌ಎಂ ಟಾರ್ಕ್ 1500ಕ್ಕೇ ಬಂದು 4100ವರೆಗೆ ನಿಲ್ಲುತ್ತೆ, ಪೂರ್ತಿ ಶಕ್ತಿ 5000ಕ್ಕೇ ಸಿಗುತ್ತೆ. ಅದು ಬೇಗ ಊದಿ ಬೇಗ ಮುಗಿಸುವ ಜಾತಿ, ನಮ್ಮದು ತಡವಾಗಿ ಶುರು ಮಾಡಿ ಕೊನೆವರೆಗೂ ಕೂಗುವ ಜಾತಿ. ಇಂಥದಕ್ಕೆ ಎಷ್ಟು ದೊಡ್ಡ ಟರ್ಬೊ?

ಅಪ್ಪನ ಮಾತಿಗೇ ಬರ್ತೀನಿ. ನಮ್ಮ ಕಡೆ ಬೋರ್‌ವೆಲ್‌ಗೆ ಮೋಟರ್ ತರುವಾಗ ಎರಡು ಲೆಕ್ಕ ಕೇಳ್ತಾರೆ. ಎಷ್ಟು ಆಳದಿಂದ ಎತ್ತಬೇಕು, ಎಷ್ಟು ಇಂಚು ನೀರು ಬರುತ್ತೆ. ಟರ್ಬೊ ಕಂಪನಿಗಳು ಕೊಡುವ ಕಂಪ್ರೆಸರ್ ನಕ್ಷೆಯಲ್ಲಿ ಇರೋದೂ ಇವೆರಡೇ. ಲಂಬವಾಗಿ ಒತ್ತಡದ ಅನುಪಾತ, ಅಡ್ಡವಾಗಿ ನಿಮಿಷಕ್ಕೆ ಎಷ್ಟು ಗಾಳಿ. ಒಂದೂವರೆ ಇಂಚು ನೀರಿರೋ ಬೋರಿಗೆ ಭಾರಿ ಮೋಟರ್ ಇಳಿಸಿದರೆ ನೀರು ಗ್ಯಾಪ್ ಕೊಟ್ಟು ಗ್ಯಾಪ್ ಕೊಟ್ಟು ಬರುತ್ತಲ್ಲ, ಟರ್ಬೊದಲ್ಲೂ ಹಾಗೇ. ಗಾಳಿ ಸಾಲದೆ ಹಿಂದಕ್ಕೆ ಮುಂದಕ್ಕೆ ಹೊಯ್ದಾಡುತ್ತೆ. ನಕ್ಷೆಯ ಎಡಗಡೆ ಇರುವ ಸರ್ಜ್ ಗೆರೆ ಅಂದ್ರೆ ಅದೇ. ಬಲಗಡೆ ತುದಿಯಲ್ಲಿ ಇರೋದು ಇದರ ಉಲ್ಟಾ, ಪಂಪು ಚಿಕ್ಕದಾಗಿ ಉಸಿರು ಕಟ್ಟುವ ಜಾಗ.

ಈಗ ಲೆಕ್ಕ. ಗಣಿತ ಬೇಡ ಅನ್ನೋರು ಒಂದು ಪ್ಯಾರಾ ಹಾರಿಸಿ, ಆದರೆ ಹಾರಿಸಿದೋರು ಟರ್ಬೊ ತಗೋಬೇಡಿ.

ನಾಲ್ಕು ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಹೊಟ್ಟೆ ತುಂಬ ಗಾಳಿ ಎಳೆಯುತ್ತೆ. 1.5 ಲೀಟರ್, 7000 ಆರ್‌ಪಿಎಂ ಅಂದ್ರೆ ನಿಮಿಷಕ್ಕೆ ಸುಮಾರು 5200 ಲೀಟರ್. ಪೂರ್ತಿ ತುಂಬಲ್ಲ, ಹಾಗಾಗಿ 5000 ಅಂತಿಟ್ಟುಕೊಳ್ಳಿ. ನಮ್ಮೂರು ಸಮುದ್ರದ ದಡದಲ್ಲಿಲ್ಲ. ಪಕ್ಕದ ವಿಮಾನ ನಿಲ್ದಾಣವೇ ಸುಮಾರು 915 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡ 0.91 ಬಾರ್ ಆಸುಪಾಸು. ಇದರ ಮೇಲೆ ಅರ್ಧ ಬಾರ್ ಬೂಸ್ಟ್ ಹಾಕಿದರೆ 1.41, ಅಂದರೆ ಒತ್ತಡದ ಅನುಪಾತ 1.55. ಮಂಗಳೂರಿನಲ್ಲಿ ಇದೇ ಅರ್ಧ ಬಾರ್‌ಗೆ 1.49 ಸಾಕು. ನಂದಿ ಬೆಟ್ಟದ ಮೇಲೆ, 1478 ಮೀಟರ್‌ನಲ್ಲಿ, 1.6ರ ಹತ್ತಿರ ಹೋಗುತ್ತೆ. ಮೇಲಕ್ಕೆ ಹೋದಷ್ಟೂ ಅದೇ ಬೂಸ್ಟ್‌ಗೆ ಟರ್ಬೊ ಹೆಚ್ಚು ಜೋರಾಗಿ ತಿರುಗಬೇಕು. ಬೇರೆ ಊರಿನವರ ಲೆಕ್ಕ ನಕಲು ಮಾಡಿದರೆ ಇಲ್ಲೇ ತಪ್ಪೋದು. ಇಂಟರ್‌ಕೂಲರ್ ದಾಟಿದ ಗಾಳಿ 45 ಡಿಗ್ರಿ ಇದ್ದರೆ ನಿಮಿಷಕ್ಕೆ 7.7 ಕೆಜಿ, ಅಂದರೆ 17 ಪೌಂಡ್. ಒಂದು ಪೌಂಡಿಗೆ ಒಂಬತ್ತು ಹತ್ತು ಕುದುರೆಶಕ್ತಿ ಅನ್ನೋದು ಈ ಕಸುಬಿನವರ ಬಾಯಿಲೆಕ್ಕ. ಹಾಗಾದರೆ 150ರಿಂದ 170.

ನಮ್ಮ ಬೋರಲ್ಲಿರೋ ನೀರು ಇಷ್ಟು, 17 ಪೌಂಡ್. ಮುನ್ನೂರರ ಮೋಟರ್ ತಂದು ಏನ್ ಮಾಡೋಣ?

ತಮ್ಮ ಸುಮ್ಮನಿರಲಿಲ್ಲ. "ಹಂಗಾರೆ ಗುಜರಿಲಿ ಸ್ವಿಫ್ಟ್ ಡೀಸೆಲ್‌ದು ಸಿಕ್ತದೆ, ಕಮ್ಮಿ ರೇಟು." ಇದೂ ಒಂದು ಹುಚ್ಚು, ನಾನೇ ಕಣ್ಣಾರೆ ನೋಡಿದ್ದೀನಿ. ನನ್ನ ಕಾಲೇಜಿನ ಗೆಳೆಯನೊಬ್ಬ ಒಂದು ಗ್ಯಾರೇಜಿನವರ ಮಾತು ಕೇಳಿ ತನ್ನ ಪೆಟ್ರೋಲ್ ಕಾರಿಗೆ ಹೀಗೇ ಮಾಡಿಸಿದ. ಒಂದು ವಾರ ಸ್ವರ್ಗ. 2500ಕ್ಕೇ ಬೆನ್ನಿಗೆ ಗುದ್ದು, ಸಿಗ್ನಲ್‌ನಲ್ಲಿ ಎಲ್ಲರಿಗಿಂತ ಮುಂದೆ. ಒಂದಿನ ರಾತ್ರಿ ಹೆದ್ದಾರಿಯಲ್ಲಿ ಆರು ಸಾವಿರ ದಾಟಿಸಿ ಹಿಡಿದಿದ್ದಾನೆ, ಹಿಂದಿನಿಂದ ನೀಲಿ ಹೊಗೆ. ಪಿಸ್ಟನ್‌ನ ರಿಂಗ್ ಕೂರುವ ಅಂಚೇ ಮುರಿದಿತ್ತು. ಮನೆಯಲ್ಲಿ ಎಂಜಿನ್ ಹಳೇದಾಗಿತ್ತು ಅಂತ ಹೇಳಿದ್ದಾನೆ, ಪಾಪ.

ಯಾಕೆ ಹಾಗಾಯ್ತು ಅಂದರೆ, ಸ್ವಿಫ್ಟ್‌ನ 1248 ಸಿಸಿ ಡೀಸೆಲ್ ತನ್ನ 75 ಪಿಎಸ್ ಕೊಡೋದು 4000 ಆರ್‌ಪಿಎಂಗೆ. ಆಗ ಅದು ಎಳೆಯೋದು ನಿಮಿಷಕ್ಕೆ 2500 ಲೀಟರ್. 7000 ತಿರುಗುವ 1.5 ಲೀಟರ್ ಎಂಜಿನ್ ಎಳೆಯೋದು ಇದರ ಎರಡರಷ್ಟು. ಡೀಸೆಲ್‌ನಲ್ಲಿ ಬೂಸ್ಟ್ ಜಾಸ್ತಿ ಇರುತ್ತೆ ಅಂತ ವಿನಾಯಿತಿ ಕೊಟ್ಟರೂ ಲೆಕ್ಕ ಕೂಡಿ ಬರಲ್ಲ. ಜೊತೆಗೆ ಪೆಟ್ರೋಲ್‌ನ ಹೊಗೆ ಸಾಮಾನ್ಯವಾಗಿ ನೂರು ಇನ್ನೂರು ಡಿಗ್ರಿ ಹೆಚ್ಚು ಬಿಸಿ. ಡೀಸೆಲ್‌ಗೆ ಅಂತ ಮಾಡಿದ ಟರ್ಬೈನ್ ಅದನ್ನು ಬಹಳ ಕಾಲ ತಡೆಯಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಎಲ್ಲರೂ ಗಾಳಿ ತುಂಬುವ ತಣ್ಣನೆ ಬದಿಯ ಗಾತ್ರವನ್ನೇ ಮಾತಾಡ್ತಾರೆ, ಹೊಗೆ ಹೊರಹೋಗುವ ಬಿಸಿ ಬದಿಯನ್ನು ಮರೀತಾರೆ. ಹೆಚ್ಚು ಆರ್‌ಪಿಎಂ ಕಾರಿನ ಹಣೆಬರಹ ಬರೆಯೋದು ಆ ಬದಿ. ಟರ್ಬೈನ್ ಇಕ್ಕಟ್ಟಾಗಿದ್ದರೆ ಮೇಲಿನ ಆರ್‌ಪಿಎಂನಲ್ಲಿ ಹೊಗೆ ದಾರಿ ಸಿಗದೆ ಹಿಂದಕ್ಕೆ ಒತ್ತುತ್ತೆ. ವಿಟೆಕ್‌ನಂಥ ಎಂಜಿನ್‌ಗಳಲ್ಲಿ ಮೇಲ್ಗಡೆ ವಾಲ್ವ್‌ಗಳು ಹೆಚ್ಚು ಹೊತ್ತು ತೆರೆದಿರುತ್ತವೆ. ಒಳಗೆ ಬರೋದು, ಹೊರಗೆ ಹೋಗೋದು ಎರಡೂ ಬಾಗಿಲು ಒಂದು ಗಳಿಗೆ ಒಟ್ಟಿಗೇ ತೆರೆದಿರುತ್ತವೆ. ಆಗ ಬಿಸಿ ಹೊಗೆ ವಾಪಸ್ ಸಿಲಿಂಡರಿಗೆ ನುಗ್ಗುತ್ತೆ. ಟರ್ಬೊಗೆಂದೇ ಹುಟ್ಟದ ಎಂಜಿನ್‌ನಲ್ಲಿ ಕಂಪ್ರೆಷನ್ ಮೊದಲೇ ಹೆಚ್ಚು. ಪೆಟ್ರೋಲ್ ಕಿಡಿಗೆ ಕಾಯದೆ ತಾನೇ ಸಿಡಿಯುತ್ತೆ. ಗೆಳೆಯನ ಪಿಸ್ಟನ್ ಮುರಿದದ್ದು ಬಹುಶಃ ಹೀಗೇ.

ಹಾಗಂತ ಬಿಸಿ ಬದಿಯನ್ನು ಸಿಕ್ಕಾಪಟ್ಟೆ ದೊಡ್ಡದು ಮಾಡಿದರೆ ಹೊಗೆಗೆ ಅದನ್ನು ತಿರುಗಿಸುವ ರಭಸವೇ ಸಾಲಲ್ಲ. 1973ರ ಬಿಎಂಡಬ್ಲ್ಯು 2002 ಟರ್ಬೊ ಈ ಸೋಮಾರಿತನಕ್ಕೇ ಹೆಸರಾಗಿತ್ತು. ಒತ್ತಿದರೆ ಏನೂ ಇಲ್ಲ, ಏನೂ ಇಲ್ಲ, ಆಮೇಲೆ ಒಮ್ಮೆಲೇ ಎಲ್ಲ. ಕೆಲವೇ ವರ್ಷಗಳಲ್ಲಿ ಸ್ವೀಡನ್ನಿನ ಸಾಬ್ ಕಂಪನಿಯವರು 99 ಟರ್ಬೊದಲ್ಲಿ ಚಿಕ್ಕ ಟರ್ಬೊ ಹಾಕಿ, ಹೆಚ್ಚಾದ ಹೊಗೆಯನ್ನು ವೇಸ್ಟ್‌ಗೇಟ್‌ನಿಂದ ಪಕ್ಕಕ್ಕೆ ಬಿಟ್ಟು, ದಿನಬಳಕೆಗೆ ಒಗ್ಗುವಂತೆ ಮಾಡಿದರು.

ಹಾಗಾದರೆ ನನಗೆ ಬೇಕಾದ ಗಾತ್ರ ಯಾವುದು? ಇದಕ್ಕೆ ನಕ್ಷೆ ಉತ್ತರ ಕೊಡಲ್ಲ, ನನ್ನ ಕಾಲು ಕೊಡುತ್ತೆ. ಒಂದು ವಾರ ಫೋನನ್ನು ಸ್ಟೀರಿಂಗ್ ಹಿಂದೆ ಸಿಕ್ಕಿಸಿ ಆರ್‌ಪಿಎಂ ಮುಳ್ಳಿನ ವಿಡಿಯೊ ಮಾಡಿದೆ. ರಾತ್ರಿ ಕೂತು ನೋಡಿ ಬರೆದುಕೊಂಡೆ. ನಾನು ಮಹಾ ರೇಸರ್ ಅಂದ್ಕೊಂಡಿದ್ದೆ ನೋಡಿ, ಬಹುಪಾಲು ಸಮಯ ಮುಳ್ಳು ಇದ್ದದ್ದು 1800ರಿಂದ 3500ರ ಮಧ್ಯೆ. 5000 ದಾಟಿದ್ದು ಇಡೀ ವಾರದಲ್ಲಿ ಹನ್ನೊಂದು ಸಲ, 6500 ದಾಟಿದ್ದು ಎರಡೇ ಸಲ. ಅದೂ ದೇವನಹಳ್ಳಿ–ದೊಡ್ಡಬಳ್ಳಾಪುರ ರಸ್ತೆಯಲ್ಲಿ ಲಾರಿ ದಾಟಲು.

ಆದರೂ ಆ ಎರಡು ಸಲಕ್ಕೋಸ್ಕರವೇ ಈ ಕಾರು ಇಟ್ಟುಕೊಂಡಿರೋದು, ಸುಳ್ಳು ಯಾಕೆ ಹೇಳಲಿ. ಅದನ್ನು ಕತ್ತು ಹಿಸುಕುವ ಟರ್ಬೊ ಬೇಡ. ದಿನಾ ಓಡಿಸುವ 3000ದಲ್ಲಿ ಸತ್ತಂತೆ ಬಿದ್ದಿರುವುದೂ ಬೇಡ. ಮಿತ್ಸುಬಿಷಿಯ ಟಿಡಿ04 ಗಾತ್ರದ್ದು, ಬಿಸಿ ಬದಿಯಲ್ಲಿ ತೀರಾ ಇಕ್ಕಟ್ಟಲ್ಲದ ಚಿಪ್ಪು, ಅರ್ಧ ಬಾರ್ ಒಳಗೆ ಬೂಸ್ಟ್. 3500ರ ಹತ್ತಿರ ಏಳಬೇಕು, 7000ದಲ್ಲೂ ಉಸಿರಾಡಬೇಕು. 17 ಪೌಂಡ್ ಅನ್ನೋದು ನಕ್ಷೆಯ ಬಲ ಅಂಚಿನಲ್ಲಿ ಒದ್ದಾಡದೆ ನಡುಭಾಗಕ್ಕೆ ಹತ್ತಿರ ಬೀಳಬೇಕು. ನನ್ನ ಆಯ್ಕೆ ಇದು. ನಿಮ್ಮ ಮುಳ್ಳು ಬೇರೆ ಕಡೆ ಓಡಾಡುತ್ತಿದ್ದರೆ ನಿಮ್ಮದು ಬೇರೆ.

ಕಾನೂನಿನ ಮಾತು ಬಿಟ್ಟರೆ ತಪ್ಪಾಗುತ್ತೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯ ವಿವರಗಳು ತಯಾರಕರು ಕೊಟ್ಟಿದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಖಡಾಖಂಡಿತವಾಗಿ ಹೇಳಿದೆ. ಇನ್ಶೂರೆನ್ಸ್‌ನವರಿಗೆ ಹೇಳದೆ ಟರ್ಬೊ ಕೂರಿಸಿದರೆ ಕ್ಲೇಮ್ ಹೊತ್ತಿಗೆ ತಕರಾರು ಗ್ಯಾರಂಟಿ. ಹದಿನೈದು ವರ್ಷ ದಾಟಿದ ಕಾರು ಬೇರೆ, ಐದೈದು ವರ್ಷಕ್ಕೊಮ್ಮೆ ಆರ್‌ಟಿಓ ಮುಂದೆ ನಿಲ್ಲಿಸಬೇಕು. ಇದನ್ನು ತಮ್ಮನಿಗೆ ಹೇಳಿದರೆ "ಯಾರಣ್ಣ ಬಾನೆಟ್ ತೆಗ್ದು ನೋಡ್ತಾರೆ?" ಅಂದ. ಅಮ್ಮನನ್ನು ಕೂರಿಸಿಕೊಂಡು ಹೋಗುವ ಗಾಡಿ ಕಣೋ ಅಂದಾಗ ಸುಮ್ಮನಾದ. ಟರ್ಬೊ ಏರಿಸುವುದೇ ಆದರೆ ರಸ್ತೆಯಿಂದ ಇಳಿಸಿ, ಕೊಯಮತ್ತೂರಿನ ಕಾರಿ ಟ್ರ್ಯಾಕ್‌ಗೆ ಮಾತ್ರ ಹೊತ್ತುಕೊಂಡು ಹೋಗುವ ಗಾಡಿ ಮಾಡಬೇಕು. ಆಗ ವಾರದ ಆ ವಿಡಿಯೊ ಲೆಕ್ಕವೆಲ್ಲ ಮತ್ತೆ ಮೊದಲಿಂದ.

ಎರಡು ಲಕ್ಷ ಎತ್ತಿಟ್ಟಿದ್ದೆ. ಯಾವುದಕ್ಕೂ ಮೊದಲು ಎಂಜಿನ್ ಹೇಗಿದೆ ನೋಡೋಣ ಅಂತ ಬುಧವಾರ ಕಂಪ್ರೆಷನ್ ಟೆಸ್ಟ್ ಮಾಡಿಸಿದೆ. ಒಂದು, ಎರಡು, ನಾಲ್ಕು ಚೆನ್ನಾಗಿವೆ. ಮೂರನೇ ಸಿಲಿಂಡರ್‌ನಲ್ಲಿ 30 ಪಿಎಸ್‌ಐ ಕಡಿಮೆ. ಮೆಕ್ಯಾನಿಕ್ ಟಾರ್ಚ್ ಬಿಟ್ಟು ನೋಡಿ, "ಸಾರ್, ಹೆಡ್ ಬಿಚ್ಲೇಬೇಕು" ಅಂದ.

ಈಗ ಹೆಡ್ ವರ್ಕ್‌ಶಾಪ್‌ನಲ್ಲಿದೆ, ಕಾರು ಶೆಡ್ಡಿನಲ್ಲಿದೆ, ನಾನು ಬಸ್ಸಿನಲ್ಲಿದ್ದೀನಿ. ಅಪ್ಪ ಬೆಳಿಗ್ಗೆ ತೋಟಕ್ಕೆ ಹೋಗುವಾಗ ಒಂದು ಸಲ ಶೆಡ್ಡಿಗೆ ಇಣುಕಿ, ಏನೂ ಕೇಳದೆ ಹೋಗ್ತಾರೆ.