ದೇವರಂತೆ ನಟಿಸಿದರೆ ಪೊಲೀಸ್ ಕೆಲಸ ಸಿಗದು!

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪೊಲೀಸರಾಗಲು ಓಟ, ಮೈಕಟ್ಟು ಸಾಲದು. ಮನಸ್ಸಿನ ಪರೀಕ್ಷೆಯೂ ಕಾನೂನಿನಂತೆ ಕಡ್ಡಾಯ. ಅಲ್ಲಿ ನೆಲೆಸಿದ ನಮ್ಮ ಹುಡುಗರು ಅರ್ಜಿ ಹಾಕುವ ಮುನ್ನ ಇದನ್ನು ತಿಳಿಯಲಿ. ಅಮೆರಿಕದ ಪೊಲೀಸ್ ಇಲಾಖೆಗಳು ಬಹುಕಾಲ ಬಳಸಿದ ಎಂಎಂಪಿಐ-2 ಎಂಬ ಪ್ರಶ್ನಾವಳಿ 1989ರದು. ಅದರ 567 ಹೇಳಿಕೆಗಳಿಗೆ ‘ನಿಜ’ ಅಥವಾ ‘ಸುಳ್ಳು’ ಎಂದು ಗುರುತು ಹಾಕಬೇಕು. ‘ನನಗೆ ಸಿಟ್ಟೇ ಬರದು, ಸುಳ್ಳೇ ಗೊತ್ತಿಲ್ಲ’ ಎಂದಿರೋ, ಸಿಕ್ಕಿಬಿದ್ದಿರಿ! ಅತಿ ಒಳ್ಳೆಯವರಂತೆ ನಟಿಸುವವರನ್ನು ಹಿಡಿಯಲೆಂದೇ ಅದರಲ್ಲಿ ಅಳತೆಗೋಲುಗಳಿವೆ. ಮನಶ್ಶಾಸ್ತ್ರಜ್ಞರು ಎದುರು ಕೂರಿಸಿಕೊಂಡು ಮಾತಾಡಿಸುವುದು ಬೇರೆ.

ನಾನು ಪ್ರೆಸ್ ನಡೆಸುವವನು. ಪ್ರೂಫಿನಲ್ಲಿ ಮುಚ್ಚಿಟ್ಟ ತಪ್ಪು ಸಾವಿರ ಪ್ರತಿಯಲ್ಲಿ ಎದ್ದು ಕಾಣುತ್ತದೆ. ಮನಸ್ಸಿನಲ್ಲಿ ಮುಚ್ಚಿಟ್ಟ ತಪ್ಪು? ಪಿಸ್ತೂಲು ಕೈಗೆ ಬಂದ ಮೇಲೆ ಬಡವನ ಮೈಮೇಲೆ ಕಾಣುತ್ತದೆ! ಆದ್ದರಿಂದ ಗೈಡು ಉರು ಹೊಡೆಯಬೇಡಿ. ಚೆನ್ನಾಗಿ ನಿದ್ದೆ ಮಾಡಿ, ಹಳೆಯ ತಪ್ಪು ಒಪ್ಪಿಕೊಳ್ಳಿ, ಇದ್ದದ್ದನ್ನು ಇದ್ದಹಾಗೆ ಹೇಳಿ. ಸಿದ್ಧತೆ ಎಂದರೆ ಇಷ್ಟೇ.