ಗುಮ್ಮಟದ ಒಲೆಗೆ ಯಾವ ಹೊದಿಕೆ?

ಬೆಂಗಳೂರಿನ ಮಾರೇನಹಳ್ಳಿಯ ತಾರಸಿಯಲ್ಲಾಗಲಿ, ಮಲೆನಾಡಿನ ಹಿತ್ತಿಲಲ್ಲಾಗಲಿ, ಇಟ್ಟಿಗೆಯ ಗುಮ್ಮಟದ ಒಲೆ ಕಟ್ಟುವವರು ಹೊರಹೊದಿಕೆಯನ್ನು ಮರೆಯಬಾರದು. ಇಟ್ಟಿಗೆ ಶಾಖವನ್ನು ಹೀರಿಡುತ್ತದೆ, ತಡೆಯುವುದಿಲ್ಲ. ಸೋರಿದ ಶಾಖಕ್ಕೆ ಬೆಲೆ ತೆರುವುದು ಕಾಡಿನ ಸೌದೆ.

ಶಾಖವನ್ನು ತಡೆಯುವುದು ವಸ್ತುವಿನೊಳಗೆ ಸಿಕ್ಕಿಕೊಂಡ ನಿಶ್ಚಲ ಗಾಳಿ. ಆದ್ದರಿಂದ ಮರಳು, ಕಾಂಕ್ರೀಟು ಈ ಕೆಲಸಕ್ಕೆ ಬಾರವು. ಕಲ್ನಾರು ಬೇಡವೇ ಬೇಡ. ಅದರ ಎಲ್ಲ ಬಗೆಗಳೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದೆ.

ಹೊಟ್ಟು ಉರಿಸುವ ಅಕ್ಕಿ ಗಿರಣಿಗಳ ಬೂದಿ ನಮಗೆ ಸಾಲದೇ? ಅದರ ಹೆಚ್ಚಿನಂಶ ಸಿಲಿಕಾ. ಹಗುರ, ಬೆಂಕಿಗೆ ಅಂಜದು. ಗುಮ್ಮಟದ ಸುತ್ತ ತೆಳುಗೋಡೆ ಎಬ್ಬಿಸಿ, ನಡುವೆ ಅರ್ಧ ಅಡಿ ಬೂದಿ ತುಂಬಬೇಕು. ತುಂಬುವಾಗ ಮೂಗಿಗೆ ಬಟ್ಟೆ ಇರಲಿ. ಮೇಲೊಂದು ಸೂರೂ ಬೇಕು: ನೆನೆದ ಬೂದಿ ಶಾಖ ತಡೆಯದು.

1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹುಟ್ಟಿದ ‘ಅಸ್ತ್ರ’ ಸೌದೆ ಉಳಿಸುವ ಒಲೆಯನ್ನು ಹಳ್ಳಿಗಳಿಗೆ ಒಯ್ದಿತು. ರೊಟ್ಟಿಯ ಒಲೆಗೂ ಅದೇ ವಿವೇಕ ಸಲ್ಲಬೇಕು.